ಹಗ್ಗ ಮುರಿಯುವುದುಂಟೇ? ಮೇಜಿನಾಟಗಳಲ್ಲಿ ವಸ್ತುಗಳ ಗಟ್ಟಿತನವನ್ನು ಕುರಿತು

ಕಾವ್ಯ, ಶಾಸನ, ವ್ಯಾಕರಣಗಳ ವಿವೇಚನೆಗೆ ಮೀಸಲಾದ ಈ ವಾರ್ಷಿಕ ಸಂಚಿಕೆಯಲ್ಲಿ ಆಟದ ಕಟ್ಟಳೆಗಳನ್ನು ಕುರಿತು ಬರೆಯುವುದು ಕೆಲವರಿಗೆ ಹಗುರವಾದ ಕೆಲಸವೆಂದು ತೋರಬಹುದು. ಆದರೆ ಲೋಕದಲ್ಲಿರುವ ವಸ್ತುಗಳನ್ನು ಹೆಸರಿಸಿ, ಅವು ಯಾವ ಪೆಟ್ಟಿಗೆ ಹೇಗೆ ಕೆಡುತ್ತವೆಂಬುದನ್ನು ವಿಧಿಸುವ ಗ್ರಂಥ ಯಾವುದೇ ಆಗಲಿ, ಭಾಷೆಯ ಅಭ್ಯಾಸಿಗಳು ಅದನ್ನು ಒಮ್ಮೆ ತೆರೆದು ನೋಡುವುದು ತಪ್ಪಲ್ಲವೆಂದು ನಾವು ಭಾವಿಸುತ್ತೇವೆ. ಅಲ್ಲದೆ ಈ ವಿಷಯ ನಮ್ಮ ಬಳಿಗೆ ತಾನಾಗಿಯೇ ಬಂದದ್ದು. ನಾವು ಅದನ್ನು ಹುಡುಕಿಕೊಂಡು ಹೋದದ್ದಲ್ಲ.

ಕಳೆದ ವರ್ಷ ನಂಜನಗೂಡಿನ ಒಂದು ಮನೆಯ ಜಗಲಿಯಲ್ಲಿ ನಮ್ಮ ಐವರು ವಿದ್ಯಾರ್ಥಿಗಳು ಕಲೆತು ಇಂಥದೊಂದು ಆಟವನ್ನು ಆಡುತ್ತಿದ್ದರು. ಇಬ್ಬರು ಆ ಊರಿನವರು, ಮೂವರು ತಿರುಮಕೂಡಲು ನರಸೀಪುರದ ಕಡೆಯವರು. ಆಟವನ್ನರಿಯದ ವಾಚಕರಿಗಾಗಿ ಎರಡು ಮಾತು. ಇದರಲ್ಲಿ ಮಣೆಯಿಲ್ಲ, ಕಾಯಿಗಳೂ ಅನಿವಾರ್ಯವಲ್ಲ. ಒಬ್ಬನು ಕಥೆಯನ್ನು ನಡೆಸುತ್ತಾನೆ. ಉಳಿದವರು ತಲೆಗೊಂದು ಪಾತ್ರವನ್ನು ವಹಿಸಿಕೊಂಡು, ತಮ್ಮ ಪಾತ್ರ ಏನು ಮಾಡುತ್ತದೆಂಬುದನ್ನು ಬಾಯಿಮಾತಿನಲ್ಲಿ ಹೇಳುತ್ತಾರೆ. ಸಂದೇಹವಿದ್ದೆಡೆ ದಾಳವನ್ನುರುಳಿಸಿ, ಗ್ರಂಥದಲ್ಲಿರುವ ಅಂಕಗಳೊಡನೆ ಹೋಲಿಸಿ, ಫಲವನ್ನು ನಿರ್ಣಯಿಸುತ್ತಾರೆ. ತಾಳಮದ್ದಳೆಯ ಅರ್ಥಗಾರಿಕೆಗೆ ಪಗಡೆಯನ್ನು ಜೋಡಿಸಿದರೆ ಹೇಗೋ ಹಾಗೆ ಎಂದರೆ ಬಹುಮಟ್ಟಿಗೆ ಸರಿಯಾದೀತು. ಈ ಜಾತಿಯ ಆಟಗಳಲ್ಲಿ ಮೊದಲನೆಯದಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬುದನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕದ ಇಬ್ಬರು ೧೯೭೪ರಲ್ಲಿ ಪ್ರಕಟಿಸಿದರು.

ನಮ್ಮ ಹುಡುಗರು ಕಥೆಯನ್ನು ತಮ್ಮ ಸೀಮೆಗೇ ತಂದುಕೊಂಡಿದ್ದರು. ಗುಂಜಾನರಸಿಂಹನ ಗುಡಿಯ ದಡದಿಂದ ಆಚೆಯ ಅಗಸ್ತ್ಯೇಶ್ವರನ ದಡಕ್ಕೆ, ತುಂಬಿ ಹರಿಯುತ್ತಿದ್ದ ಕಪಿಲೆಗೆ ಅಡ್ಡಲಾಗಿ ಒಂದು ಹಗ್ಗ. ಹಗ್ಗವನ್ನು ಹಿಡಿದು ದಾಟುತ್ತಿರುವ ಒಬ್ಬ ವೀರ. ದಡದಲ್ಲಿ ಗದೆ ಹಿಡಿದ ಒಬ್ಬ ರಕ್ಕಸ. ರಕ್ಕಸನು ಹಗ್ಗಕ್ಕೆ ಗದೆಯಿಂದ ಹೊಡೆದನು. ಕಥೆ ನಡೆಸುತ್ತಿದ್ದ ಹುಡುಗನು ಗ್ರಂಥವನ್ನು ನೋಡಿ, ದಾಳವನ್ನುರುಳಿಸಿ, “ಹಗ್ಗ ಮುರಿಯಿತು” ಎಂದನು. ವೀರನು ನೀರುಪಾಲಾದನು. ಆ ಪಾತ್ರವನ್ನು ವರ್ಷವೊಂದರಿಂದ ಬೆಳೆಸಿಕೊಂಡು ಬಂದಿದ್ದ ನರಸೀಪುರದ ಹುಡುಗ ಒಪ್ಪಲಿಲ್ಲ. “ಹಗ್ಗ ಎಲ್ಲಾದರೂ ಮುರಿಯುತ್ತದೇನೋ? ಹಗ್ಗ ಹರಿಯಬೇಕು. ಗದೆಯಲ್ಲಿ ಹೊಡೆದರೆ ಹಗ್ಗ ಹರಿಯುವುದು ಹೇಗೆ?” ಎಂಬುದು ಅವನ ವಾದ. ಜಗಳ ಆ ರಾತ್ರಿ ತೀರಲಿಲ್ಲ. ಮುಂದಿನ ವಾರ ಐವರೂ ನಮ್ಮ ಕೊಠಡಿಗೆ ಬಂದು, “ನೀವೇ ಹೇಳಿ ಸಾರ್” ಎಂದು ನಿಂತರು. ಆಗ ನಾವು ಆ ಗ್ರಂಥಗಳನ್ನು ತರಿಸಿಕೊಂಡು ಓದಿದೆವು. ಅದರ ಫಲವೇ ಪ್ರಕೃತ ಲೇಖನ.

ಮೊದಲು ಕಟ್ಟಳೆಗಳ ಸ್ವರೂಪವನ್ನು ನೋಡೋಣ. ೨೦೦೦ದಲ್ಲಿ ಹೊರಬಂದು ೨೦೦೩ರಲ್ಲಿ ಪರಿಷ್ಕೃತವಾದ ಮೂರನೆಯ ಆವೃತ್ತಿ ಪ್ರತಿಯೊಂದು ವಸ್ತುವಿಗೂ ಎರಡು ಅಂಕಗಳನ್ನು ಕೊಡುತ್ತದೆ. ಒಂದನ್ನು ನಾವು ‘ಗಟ್ಟಿತನ’ವೆಂದೂ ಇನ್ನೊಂದನ್ನು ‘ತಾಳಿಕೆ’ಯೆಂದೂ ಕರೆಯುತ್ತೇವೆ. ಬಿದ್ದ ಪೆಟ್ಟಿನಲ್ಲಿ ಗಟ್ಟಿತನದಷ್ಟನ್ನು ಮೊದಲು ಕಳೆಯಬೇಕು. ಉಳಿದದ್ದು ತಾಳಿಕೆಯನ್ನು ತಿನ್ನುತ್ತದೆ. ತಾಳಿಕೆ ಸೊನ್ನೆಗಿಳಿದಾಗ ವಸ್ತು ನಾಶವಾಯಿತು. ಮರದ ಗಟ್ಟಿತನ ೫, ಕಲ್ಲಿನದು ೮, ಕಬ್ಬಿಣದ್ದು ೧೦, ಗಾಜಿನದು ೧, ಬಟ್ಟೆ, ಕಾಗದ, ಹಗ್ಗಗಳದು ಸೊನ್ನೆ. ತಾಳಿಕೆ ದಪ್ಪವನ್ನು ಅವಲಂಬಿಸಿದೆ: ಅಂಗುಲ ದಪ್ಪಕ್ಕೆ ಮರಕ್ಕೆ ೧೦, ಕಲ್ಲಿಗೆ ೧೫, ಕಬ್ಬಿಣಕ್ಕೆ ೩೦. ಬಲವಾದ ಒಂದು ಮರದ ಬಾಗಿಲಿಗೆ ಗಟ್ಟಿತನ ೫, ತಾಳಿಕೆ ೨೦. ಕತ್ತಿಯ ಪೆಟ್ಟು ೭ ಬಿದ್ದರೆ ೨ ಮಾತ್ರ ಒಳಗಿಳಿಯುತ್ತದೆ. ೫ ಬಿದ್ದರೆ ಏನೂ ಆಗದು. ಸೆಣಬಿನ ಹಗ್ಗಕ್ಕೆ ತಾಳಿಕೆ ೨. ಬರಿಗೈಯಿಂದ ಎಳೆದು ತುಂಡುಮಾಡಬೇಕಾದರೆ ಬಲಪರೀಕ್ಷೆಯಲ್ಲಿ ೨೩ ಬೀಳಬೇಕು. ಕಥೆ ನಡೆಸಿದ ಹುಡುಗನು ಈ ಗಟ್ಟಿತನ ಸೊನ್ನೆ, ತಾಳಿಕೆ ೨ ಎಂಬುದನ್ನಷ್ಟೇ ನೋಡಿ ತೀರ್ಪು ಹೇಳಿದ್ದನು. ಲೆಕ್ಕದಲ್ಲಿ ಅವನದೇನೂ ತಪ್ಪಿಲ್ಲ.

ಆದರೆ ಅದೇ ಗ್ರಂಥದಲ್ಲಿ ಅದೇ ಪ್ರಕರಣದ ಒಂದು ಪುಟ್ಟ ಕಂಡಿಕೆಯುಂಟು. ಕೆಲವು ಆಯುಧಗಳು ಕೆಲವು ವಸ್ತುಗಳಿಗೆ ಏನನ್ನೂ ಮಾಡಲಾರವು ಎಂದು ಹೇಳಿ, ಅದಕ್ಕೆ ಕೊಟ್ಟಿರುವ ಉದಾಹರಣೆ, ಆಶ್ಚರ್ಯವೆಂಬಂತೆ, ಇದೇ: ಜಜ್ಜುವ ಆಯುಧದಿಂದ ಹಗ್ಗಕ್ಕೆ ಹಾನಿಯಾಗದು. ಅಂದರೆ ನರಸೀಪುರದ ಹುಡುಗನು ಗೆದ್ದನು. ನಮ್ಮ ಲಕ್ಷ್ಯವನ್ನು ಸೆಳೆದದ್ದು ಅವನು ಗೆದ್ದ ರೀತಿ. ಅವನು ಆ ಕಂಡಿಕೆಯನ್ನು ಓದಿರಲಿಲ್ಲ. ಅವನಿಗೆ ಅದನ್ನು ಹೇಳಿಕೊಟ್ಟದ್ದು ಅವನ ಮನೆಮಾತು. ಗ್ರಂಥಕರ್ತರು ಕೋಷ್ಟಕವನ್ನೆಲ್ಲ ಮುಗಿಸಿದ ಮೇಲೆ ಅಪವಾದವಾಗಿ ಸೇರಿಸಿದ ಸಂಗತಿ ಕನ್ನಡದಲ್ಲಿ ಒಂದು ಕ್ರಿಯಾಪದದ ಆಯ್ಕೆಯಲ್ಲೇ ಅಡಗಿತ್ತು.

ಈ ಮಾತನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ಕನ್ನಡದಲ್ಲಿ ಕೋಲು, ನೇಗಿಲು, ಗಾಡಿಯ ಅಚ್ಚು, ಎಲುಬು ಇವು ಮುರಿಯುತ್ತವೆ. ಮಡಕೆ, ಗಾಜು, ತೆಂಗಿನಕಾಯಿ, ಬಂಡೆ ಇವು ಒಡೆಯುತ್ತವೆ. ಬಟ್ಟೆ, ಕಾಗದ, ಹಗ್ಗ ಹರಿಯುತ್ತವೆ. ತಾಮ್ರದ ಬಿಂದಿಗೆ ಒಡೆಯುವುದಿಲ್ಲ, ಮುರಿಯುವುದೂ ಇಲ್ಲ, ನೆಗ್ಗುತ್ತದೆ. ಕುಡುಗೋಲು ಮೊಂಡಾಗುತ್ತದೆ. ಗೋಡೆ ಬಿರುಕುಬಿಟ್ಟು ಆಮೇಲೆ ಕುಸಿಯುತ್ತದೆ. ರಾಗಿಕಲ್ಲು ಸವೆಯುತ್ತದೆ. ತೊಲೆ ಹುಳುತಿಂದು ಟೊಳ್ಳಾಗುತ್ತದೆ. ಚಪ್ಪಲಿ ಕಿತ್ತುಹೋಗುತ್ತದೆ; ನಂಜನಗೂಡಿನ ಪೇಟೆಯಲ್ಲಿ ಈಗ ಬಸ್ಸಿನಿಂದ ಹಿಡಿದು ಪರೀಕ್ಷೆಯವರೆಗೆ ಎಲ್ಲವೂ ‘ಕಿತ್ತುಹೋಗುವುದು’ ನಿಜವಾದರೂ, ಅದು ಬೇಸರದ ಮಾತೇ ಹೊರತು ವಿವರಣೆಯಲ್ಲ. ಇನ್ನೂ ಸೂಕ್ಷ್ಮವಾದ ಒಂದು ನಿದರ್ಶನ: ಮರದ ಕೊಂಬೆಯನ್ನು ಅಡ್ಡಡ್ಡ ಬಾಗಿಸಿದರೆ ಮುರಿಯುತ್ತೇವೆ; ಅದನ್ನೇ ಸೌದೆಯಾಗಿ ನಿಲ್ಲಿಸಿ ಉದ್ದುದ್ದ ಕೊಡಲಿಹಾಕಿದರೆ ಒಡೆಯುತ್ತೇವೆ ಅಥವಾ ಸೀಳುತ್ತೇವೆ. ವಸ್ತು ಒಂದೇ, ಆಯುಧ ಬೇರೆ, ಎಳೆಯ ದಿಕ್ಕು ಬೇರೆ, ಕ್ರಿಯಾಪದವೂ ಬೇರೆ. ಮರಕ್ಕೆ ೫ ಎಂಬ ಒಂದೇ ಅಂಕ ಈ ಭೇದವನ್ನು ಹೇಳಲಾರದು. ಸೌದೆ ಒಡೆಯುವವನಿಗೆ ಅದೇ ಮೊದಲನೆಯ ಪಾಠ.

ಹಳಗನ್ನಡದಲ್ಲಿ ಇದಕ್ಕಿಂತಲೂ ಹೆಚ್ಚಿನ ಸಂಪತ್ತಿತ್ತು. ಉಡಿ, ಪಱಿ, ನುರ್ಗು, ಸೀಳ್, ಬಿರಿ ಮುಂತಾದ ಧಾತುಗಳು ಯುದ್ಧವರ್ಣನೆಗಳಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ಸುಮ್ಮನೆ ಬರುವುದಿಲ್ಲ. ತೊಡೆ ಉಡಿಯುತ್ತದೆ, ಹೆದೆ ಪಱಿಯುತ್ತದೆ, ರಥ ನುರ್ಗುತ್ತದೆ. ಪಂಪನ ೯೪೧ರ ‘ವಿಕ್ರಮಾರ್ಜುನವಿಜಯ’ವನ್ನೂ ರನ್ನನ ‘ಗದಾಯುದ್ಧ’ವನ್ನೂ ಈ ದೃಷ್ಟಿಯಿಂದ ಓದಿ ಧಾತುಗಳ ಪಟ್ಟಿಯೊಂದನ್ನು ಮಾಡುವುದು ನಮ್ಮ ವಿಭಾಗದ ಯಾರಾದರೊಬ್ಬ ತರುಣರಿಗೆ ತಕ್ಕ ಕೆಲಸ.

ಇದರಿಂದ ಕನ್ನಡವೇ ಸರ್ವಶ್ರೇಷ್ಠವೆಂದು ಸಾಧಿಸುವ ಇಚ್ಛೆ ನಮಗಿಲ್ಲ. ನಮ್ಮ ‘ಒಡೆ’ ಎಂಬುದು ಮಡಕೆಗೂ ಹಾಲಿಗೂ ಒಗಟಿಗೂ ಸಲ್ಲುತ್ತದೆ. ‘ಹರಿ’ ಎಂಬುದು ಬಟ್ಟೆಗೂ ಹೊಳೆಗೂ ಸಲ್ಲುತ್ತದೆ. ಅಲ್ಲದೆ ಇಂಗ್ಲಿಷಿನಲ್ಲಿಯೂ ಇಂಥ ಭೇದಗಳಿಲ್ಲದಿಲ್ಲ. ಗ್ರಂಥಕರ್ತರು ಅವನ್ನು ಬಳಸಿಕೊಳ್ಳದೆ ‘ಹಾನಿ’ ಎಂಬರ್ಥದ ಒಂದೇ ಸಾಮಾನ್ಯಪದದಲ್ಲಿ ಎಲ್ಲವನ್ನೂ ಅಡಗಿಸಿದರು. ನಮ್ಮ ಆಕ್ಷೇಪವಿರುವುದು ಅಲ್ಲಿ. ಅದಕ್ಕಿಂತ ಹೆಚ್ಚಾಗಿ, ಈ ಗ್ರಂಥಗಳನ್ನು ಕನ್ನಡಕ್ಕೆ ತಂದುಕೊಂಡು ಆಡುವ ನಮ್ಮ ಹುಡುಗರು ಆ ಒಂದೇ ಪದಕ್ಕೆ ಒಂದೇ ಪದವನ್ನಿಟ್ಟು, ಮನೆಯಲ್ಲಿ ತಾವೇ ದಿನವೂ ಬಳಸುವ ಹತ್ತು ಧಾತುಗಳನ್ನು ಆಟದ ಹೊಸ್ತಿಲಲ್ಲಿ ಬಿಟ್ಟು ಬರುತ್ತಿದ್ದಾರೆ. ‘ಹಗ್ಗ ಮುರಿಯಿತು’ ಎಂಬ ವಾಕ್ಯ ಹುಟ್ಟಿದ್ದು ಹೀಗೆ. ದೊಡ್ಡ ಜಾತ್ರೆಯಲ್ಲಿ ಗೌತಮರಥದ ಹಗ್ಗಕ್ಕೆ ಕೈಹಾಕಿ ಬೆಳೆದ ಊರಿನ ಹುಡುಗನ ಬಾಯಲ್ಲಿ ಆ ವಾಕ್ಯ ಬಂದದ್ದು ನಮಗೆ ನಿಜವಾಗಿಯೂ ವ್ಯಸನವನ್ನುಂಟುಮಾಡಿತು.

ಇಲ್ಲಿ ಇತಿಹಾಸದ ಒಂದು ವಿಚಿತ್ರವನ್ನು ಗಮನಿಸಬೇಕು. ಇದೇ ಆಟದ ೧೯೭೯ರ ಮಾರ್ಗದರ್ಶಕ ಗ್ರಂಥದಲ್ಲಿ ವಸ್ತುಗಳಿಗೆ ಇಂಥ ಎರಡು ಅಂಕಗಳಿರಲಿಲ್ಲ. ಅಲ್ಲಿದ್ದದ್ದು ಒಂದು ದೊಡ್ಡ ಕೋಷ್ಟಕ. ಎಡಗಡೆಯಲ್ಲಿ ದ್ರವ್ಯಗಳು: ಎಲುಬು, ಮಣ್ಣಿನ ಪಾತ್ರೆ, ಬಟ್ಟೆ, ಗಾಜು, ತೊಗಲು, ಗಡಸು ಲೋಹ, ಮೆದು ಲೋಹ, ಕನ್ನಡಿ ಇತ್ಯಾದಿ. ಮೇಲ್ಗಡೆಯಲ್ಲಿ ಕೇಡಿನ ಬಗೆಗಳು: ಆಮ್ಲ, ಜಜ್ಜುವ ಪೆಟ್ಟು, ಸಾಮಾನ್ಯ ಪೆಟ್ಟು, ಬೀಳುವಿಕೆ, ಬೆಂಕಿ, ಹಿಮ, ಸಿಡಿಲು ಇತ್ಯಾದಿ. ಎರಡೂ ಕೂಡುವ ಮನೆಯಲ್ಲಿ ಒಂದು ಅಂಕ. ಇಪ್ಪತ್ತು ಮುಖದ ದಾಳದಲ್ಲಿ ಅಷ್ಟೋ ಅದಕ್ಕಿಂತ ಹೆಚ್ಚೋ ಬಿದ್ದರೆ ವಸ್ತು ಉಳಿಯಿತು. ಈ ಕೋಷ್ಟಕ ಕೇಳುವುದು ‘ಎಷ್ಟು’ ಎಂಬುದನ್ನಲ್ಲ, ‘ಯಾವುದು, ಯಾತರಿಂದ’ ಎಂಬುದನ್ನು. ತರುವಾಯದ ವಿದ್ವಾಂಸರು ಇದನ್ನು ತೊಡಕೆಂದು ಬಿಟ್ಟರು. ತೊಡಕು ನಿಜ. ಆದರೆ ನಮ್ಮ ಮಟ್ಟಿಗೆ ಹೇಳುವುದಾದರೆ ಕನ್ನಡದ ಕ್ರಿಯಾಪದಗಳಿಗೆ ಹತ್ತಿರವಾದದ್ದು ಈ ಹಳೆಯ ಕೋಷ್ಟಕವೇ. ದೋಷವಿಲ್ಲದಿಲ್ಲ: ಅದು ‘ಮರ ಅಥವಾ ಹಗ್ಗ’ ಎಂದು ಇವೆರಡನ್ನೂ ಒಂದೇ ಸಾಲಿಗೆ ಸೇರಿಸಿದೆ. ಮುರಿಯುವುದನ್ನೂ ಹರಿಯುವುದನ್ನೂ ಒಂದೇ ಗೂಟಕ್ಕೆ ಕಟ್ಟಿದ ಹಾಗಾಯಿತು.

೨೦೧೪ರ ಐದನೆಯ ಆವೃತ್ತಿಯನ್ನು ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಲಿ ದ್ರವ್ಯದ ಅಂಕ ಪೆಟ್ಟನ್ನು ತಗ್ಗಿಸುವುದಿಲ್ಲ. ಪೆಟ್ಟು ತಾಗುವುದನ್ನು ಕಷ್ಟಗೊಳಿಸುತ್ತದೆ. ಬಟ್ಟೆ ಹಗ್ಗಗಳಿಗೆ ೧೧, ಮರಕ್ಕೆ ೧೫, ಕಲ್ಲಿಗೆ ೧೭, ಕಬ್ಬಿಣಕ್ಕೆ ೧೯. ತಾಳಿಕೆ ಗಾತ್ರದ ಮೇಲೆ ನಿಂತಿದೆ. ಉಳಿದದ್ದನ್ನು ಕಥೆ ನಡೆಸುವವನ ಸಾಮಾನ್ಯಜ್ಞಾನಕ್ಕೆ ಬಿಟ್ಟಿದ್ದಾರೆ. ಕದಲದೆ ನಿಂತ ಕಲ್ಲುಗೋಡೆಗೆ ಪೆಟ್ಟು ‘ತಾಗದೆ’ ಹೋಗುವುದೆಂದರೇನೆಂಬ ಪ್ರಶ್ನೆಗೆ ನಮಗೆ ಸಮಾಧಾನಕರವಾದ ಉತ್ತರ ದೊರೆಯಲಿಲ್ಲ.

ಈಗ ಕಲ್ಲಿನ ವಿಚಾರ. ಕಲ್ಲಿಗೆ ೮ ಎಂದರೆ ಯಾವ ಕಲ್ಲಿಗೆ? ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯ ಕಂಬಗಳು ಕಗ್ಗಲ್ಲಿನವು. ಅಲ್ಲಿಂದ ಹೊರಟು ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋದರೆ, ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಪ್ರತಿಷ್ಠೆ ಮಾಡಿಸಿದ ಕೇಶವ ದೇವಾಲಯ ಬಳಪದ ಕಲ್ಲಿನದು. ಆ ಕಲ್ಲಿಗೆ ನಮ್ಮ ಜನ ಇಟ್ಟ ಹೆಸರೇ ಅದರ ಲಕ್ಷಣವನ್ನು ಹೇಳುತ್ತದೆ: ಬಳಪದಂತೆ ಗೀಚಬಹುದಾದ ಕಲ್ಲು. ಗಣಿಯಿಂದ ತೆಗೆದ ಹೊಸದರಲ್ಲಿ ಅದು ಮೆದುವಾಗಿರುತ್ತದೆ. ಗಾಳಿಗೆ ಮೈಯೊಡ್ಡಿ ಕಾಲಕ್ರಮದಲ್ಲಿ ಬಿರುಸಾಗುತ್ತದೆ. ಶಿಲ್ಪಿಗಳು ಸರದ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಸಾಧ್ಯವಾದದ್ದು ಇದರಿಂದ. ಮೋಸ್ ಎಂಬ ಜರ್ಮನ್ ವಿದ್ವಾಂಸನು ೧೮೧೨ರಲ್ಲಿ ರಚಿಸಿದ ಖನಿಜಗಳ ಗಡಸಿನ ಶ್ರೇಣಿಯಲ್ಲಿ ಬಳಪದ ಕಲ್ಲಿನ ಮುಖ್ಯದ್ರವ್ಯವಾದ ಟಾಲ್ಕಿಗೆ ಸ್ಥಾನ ೧. ಕಗ್ಗಲ್ಲಿನಲ್ಲಿರುವ ಸ್ಫಟಿಕಕ್ಕೆ ೭. ಎರಡಕ್ಕೂ ‘ಕಲ್ಲು ೮’ ಎಂದುಬಿಟ್ಟರೆ ಹೊಯ್ಸಳರ ಶಿಲ್ಪ ಏಕೆ ಹಾಗಿದೆ, ನಂಜನಗೂಡಿನ ಕಂಬ ಏಕೆ ಹೀಗಿದೆ ಎಂಬುದೇ ಕಾಣದಾಗುತ್ತದೆ.

ಇನ್ನೊಂದು ತೊಡಕು ಹೆಸರಿನದು. ಮೂಲದಲ್ಲಿ ಆ ಅಂಕಕ್ಕಿರುವ ಹೆಸರಿಗೆ ನಿಘಂಟಿನ ಅರ್ಥ ‘ಗಡಸು’ ಎಂದು. ಆದರೆ ಅವರು ಗಾಜಿಗೆ ೧ ಕೊಟ್ಟಿದ್ದಾರೆ. ಗಾಜು ನಿಜವಾಗಿ ಗಡಸು. ಕಬ್ಬಿಣದ ಮೊಳೆಯಿಂದ ಗೀಚಿದರೂ ಗೀರು ಬೀಳದಷ್ಟು ಗಡಸು. ಅದು ಗಡಸಾಗಿದ್ದೂ ಗಟ್ಟಿಯಾಗಿಲ್ಲದ ವಸ್ತು. ಕನ್ನಡ ಮಾತಾಡುವ ಗೃಹಿಣಿಗೆ ಈ ಭೇದ ತಿಳಿದಿದೆ: ರೊಟ್ಟಿ ಗಡಸಾಯಿತೆಂದರೆ ಹೊಗಳಿಕೆಯಲ್ಲ, ಚೀಲ ಗಟ್ಟಿಯಾಗಿದೆಯೆಂದರೆ ಹೊಗಳಿಕೆ. ಆದ್ದರಿಂದಲೇ ನಾವು ಮೇಲೆ ನಿಘಂಟನ್ನು ಬಿಟ್ಟು ‘ಗಟ್ಟಿತನ’ವೆಂಬ ಮಾತನ್ನು ಬಳಸಿದ್ದು.

ಗಟ್ಟಿತನವನ್ನು ಕಳೆಯುವ ಈ ಲೆಕ್ಕದಲ್ಲಿ ಸಣ್ಣ ಪೆಟ್ಟು ಎಷ್ಟು ಸಾವಿರ ಬಿದ್ದರೂ ಶೂನ್ಯವೇ. ಮರಕ್ಕೆ ೫ರ ಪೆಟ್ಟು ದಿನವೂ ಬೀಳಲಿ, ನೂರು ವರ್ಷ ಬೀಳಲಿ, ಬಾಗಿಲು ಹೊಚ್ಚಹೊಸದಾಗಿರುತ್ತದೆ. ಹಳ್ಳಿಯ ಯಾವ ಸೇದುವ ಬಾವಿಯ ಕಟ್ಟೆಯನ್ನಾದರೂ ನೋಡಿದವರು ಇದನ್ನು ಒಪ್ಪಲಾರರು. ಅಲ್ಲಿ ಗಟ್ಟಿತನ ಸೊನ್ನೆಯಾದ ಹಗ್ಗ ಗಟ್ಟಿತನ ೮ರ ಕಲ್ಲಿನಲ್ಲಿ ಬೆರಳು ಹುದುಗುವಷ್ಟು ಗಾಡಿಯನ್ನು ಕೊರೆದಿರುತ್ತದೆ. ಕಪಿಲೆಯ ಸೋಪಾನಗಳ ಅಂಚು ಬರಿಗಾಲುಗಳಿಂದ ನುಣುಪಾಗಿದೆ. ಗ್ರಂಥಕರ್ತರ ಪಕ್ಷದಿಂದ ಹೇಳುವುದಾದರೆ, ಆಟದ ಕಾಲ ಕ್ಷಣಗಳ ಕಾಲ. ಆರು ಸೆಕೆಂಡಿಗೊಂದು ಸರದಿ. ಅಷ್ಟರಲ್ಲಿ ಸವೆತವನ್ನು ಎಣಿಸುವುದು ವ್ಯರ್ಥ. ಈ ಸಮಾಧಾನವನ್ನು ನಾವು ಒಪ್ಪುತ್ತೇವೆ. ಆದರೆ ಇದೇ ಆಟಗಳು ಸಾವಿರ ವರ್ಷ ಹಳೆಯದಾದ ಪಾಳುಗುಡಿಗಳನ್ನು ತಮ್ಮ ಮುಖ್ಯರಂಗವಾಗಿ ಇಟ್ಟುಕೊಂಡಿವೆ. ಪಾಳುಗುಡಿಯ ಬಾಗಿಲು ಹೊಸ ಬಾಗಿಲಿನ ಅಂಕದಿಂದಲೇ ನಿಂತಿರುವುದು ವಿಚಿತ್ರ.

ಇದಕ್ಕಿಂತ ಗಹನವಾದ ಆಕ್ಷೇಪ ಮತ್ತೊಂದಿದೆ. ಮೂರನೆಯ ಆವೃತ್ತಿಯ ಪ್ರಕಾರ ಪೆಟ್ಟುತಿಂದ ವಸ್ತು ತಾಳಿಕೆ ಸೊನ್ನೆಯಾಗುವವರೆಗೂ ತನ್ನ ಕೆಲಸವನ್ನು ಪೂರ್ಣವಾಗಿ ಮಾಡುತ್ತಿರುತ್ತದೆ, ಸೊನ್ನೆಯಾದೊಡನೆ ಇಲ್ಲವಾಗುತ್ತದೆ. ನಡುವೆ ಯಾವ ಅವಸ್ಥೆಯೂ ಇಲ್ಲ. ನಮ್ಮ ಎರಡು ತಾಲ್ಲೂಕುಗಳಲ್ಲಿ ಮಲೆಯ ಮಾದೇಶ್ವರನ ದೇವರಗುಡ್ಡರು ಹಿಡಿಯುವ ಕಂಸಾಳೆಯನ್ನು ತೆಗೆದುಕೊಳ್ಳಿ. ಎಡಗೈಯಲ್ಲಿ ಬಟ್ಟಲಿನಂಥದು, ಬಲಗೈಯಲ್ಲಿ ತಟ್ಟೆಯಂಥದು, ಎರಡೂ ಕಂಚಿನವು. ಬಟ್ಟಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು. ನೋಡಿದವರಿಗೆ ತಿಳಿಯದು, ತೂಕದಲ್ಲಿ ಒಂದು ಗುಲಗಂಜಿಯೂ ಕಡಮೆಯಾಗದು, ಆದರೆ ನಾದ ಹೋಯಿತು. ತಾಳಿಕೆಯಲ್ಲಿ ಒಂದಂಕ ಕಳೆದಿದೆಯೋ ಇಲ್ಲವೋ, ಕೆಲಸದಲ್ಲಿ ಸರ್ವಸ್ವವೂ ಕಳೆದಿದೆ. ಇದಕ್ಕೆ ವ್ಯತಿರಿಕ್ತವಾಗಿ ಹಿಡಿ ಕಳಚಿ, ಬೆನ್ನು ಮುಕ್ಕಾಗಿ, ಅರ್ಧಕ್ಕರ್ಧ ಸವೆದ ಮಚ್ಚು ಎಳನೀರು ಕೆತ್ತುತ್ತಲೇ ಇರುತ್ತದೆ. ವಸ್ತುವಿನ ಕೇಡು ಅದರ ದ್ರವ್ಯದ ಕೇಡಲ್ಲ. ಅದು ಯಾವ ಕೆಲಸಕ್ಕಿದೆಯೋ ಆ ಕೆಲಸದ ಕೇಡು.

ದೇವತಾಮೂರ್ತಿಗಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಬೆರಳೊಂದು ಹೋದರೂ ಮೂರ್ತಿ ‘ಭಿನ್ನ’ವಾಯಿತೆನ್ನುತ್ತಾರೆ. ಕಲ್ಲು ಹಾಗೆಯೇ ಇದೆ, ರೂಪವೂ ಬಹುಪಾಲು ಇದೆ, ಪೂಜೆಗೆ ಮಾತ್ರ ಸಲ್ಲದು. ಸೋಮನಾಥಪುರದ ಮೂರು ಗರ್ಭಗೃಹಗಳಲ್ಲಿ ಕೇಶವನ ಮೂಲಮೂರ್ತಿ ಇಂದಿಲ್ಲ. ಜನಾರ್ದನ, ವೇಣುಗೋಪಾಲರ ಮೂರ್ತಿಗಳು ಊನಗೊಂಡಿವೆ. ಗುಡಿಯಲ್ಲಿ ಪೂಜೆ ನಿಂತಿದೆ. ಆದರೂ ಬೇಲೂರು, ಹಳೇಬೀಡುಗಳ ಜೊತೆಗೆ ಆ ಗುಡಿಯನ್ನು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಅರ್ಚಕನ ಲೆಕ್ಕದಲ್ಲಿ ಕೆಟ್ಟದ್ದು, ಶಿಲ್ಪದ ಅಭ್ಯಾಸಿಯ ಲೆಕ್ಕದಲ್ಲಿ ಕೆಟ್ಟಿಲ್ಲ. ಒಂದೇ ವಸ್ತುವಿಗೆ ಎರಡು ಗಡಿಗಳು.

‘ಪಾತ್‌ಫೈಂಡರ್’ ಎಂಬ ಆಟದ ೨೦೧೯ರ ಎರಡನೆಯ ಆವೃತ್ತಿಯನ್ನು ನಾವು ಮೆಚ್ಚುವುದು ಈ ಕಾರಣದಿಂದ. ಅದು ಗಟ್ಟಿತನ, ತಾಳಿಕೆಗಳ ಜೊತೆಗೆ ಮೂರನೆಯದೊಂದು ಅಂಕವನ್ನು ಕೊಡುತ್ತದೆ. ‘ಮುರಿವಿನ ಗಡಿ’ ಎನ್ನೋಣ. ಉಕ್ಕಿನ ಗುರಾಣಿಗೆ ಗಟ್ಟಿತನ ೫, ತಾಳಿಕೆ ೨೦, ಗಡಿ ೧೦. ಮರದ್ದಕ್ಕೆ ೩, ೧೨, ೬. ಪೆಟ್ಟಿಗೆ ಗುರಾಣಿಯನ್ನೊಡ್ಡಿದರೆ ಗಟ್ಟಿತನದಷ್ಟನ್ನು ಅದು ನುಂಗುತ್ತದೆ; ಮಿಕ್ಕದ್ದು ಗುರಾಣಿಗೂ ಹಿಡಿದವನಿಗೂ ತಾಗುತ್ತದೆ. ತಾಳಿಕೆ ಗಡಿಗೆ ಇಳಿದರೆ ಗುರಾಣಿ ಕೆಲಸಕ್ಕೆ ಬಾರದು, ಆದರೆ ದುರಸ್ತಿಯಾಗಬಲ್ಲುದು. ಸೊನ್ನೆಗೆ ಇಳಿದರೆ ದುರಸ್ತಿಯೂ ಇಲ್ಲ. ಆಟಗಾರನು ಪ್ರತಿಯೊಂದು ಪೆಟ್ಟಿಗೂ ಯೋಚಿಸಬೇಕಾಗುತ್ತದೆ: ಮೈಯನ್ನು ಉಳಿಸಿಕೊಳ್ಳಲೇ, ಗುರಾಣಿಯನ್ನು ಉಳಿಸಿಕೊಳ್ಳಲೇ? ಇಲ್ಲಿ ವಸ್ತುವಿಗೆ ಬೆಲೆ ಬಂದಿತು. ಆದರೂ ಗಡಿ ಎಲ್ಲಕ್ಕೂ ತಾಳಿಕೆಯ ಅರ್ಧ ಎಂದಿಟ್ಟದ್ದು ಯಾಂತ್ರಿಕವಾಯಿತು. ಕಂಸಾಳೆಗೆ ಅದು ತಾಳಿಕೆಯ ತುದಿಯಲ್ಲಿರಬೇಕು, ಮಚ್ಚಿಗೆ ಬುಡದಲ್ಲಿರಬೇಕು.

ದುರ್ದೈವವೆಂದರೆ ಈ ಗ್ರಂಥಗಳಲ್ಲಿ ವಸ್ತುವನ್ನು ಮಾಡುವವನು ಬಹುಮಟ್ಟಿಗೆ ಅದೃಶ್ಯನು. ಕತ್ತಿಗೆ ೧೫ ಹೊನ್ನು ಎಂದು ಪಟ್ಟಿಯಲ್ಲಿದೆ, ಕೊಟ್ಟರೆ ಬಂತು. ನಮ್ಮ ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆಯಲ್ಲಾದರೋ ಹಲಗೂರಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆಯನ್ನು ಪಡೆಯುವುದೇ ಒಂದು ದೊಡ್ಡ ಸಾಲು, ಇಡೀ ರಾತ್ರಿಯ ಹಾಡು. ಕಬ್ಬಿಣ ಎಲ್ಲಿಂದ ಬರುತ್ತದೆಂಬುದನ್ನು ಬಲ್ಲ ಜನರ ಕಥೆ ಅದು.

ಕೊನೆಯದಾಗಿ ದಿವ್ಯವಸ್ತುಗಳ ವಿಚಾರ. ಮಾಯೆಯ ಆಯುಧಗಳಿಗೆ ಮೂರನೆಯ ಆವೃತ್ತಿ ‘ಒಂದು ಹೆಚ್ಚು’, ‘ಎರಡು ಹೆಚ್ಚು’ ಎಂಬ ದರ್ಜೆಗಳನ್ನಿಟ್ಟು, ದರ್ಜೆಯೊಂದಕ್ಕೆ ಗಟ್ಟಿತನದಲ್ಲಿ ೨ನ್ನೂ ತಾಳಿಕೆಯಲ್ಲಿ ೧೦ನ್ನೂ ಕೂಡಿಸುತ್ತದೆ. ನರಸೀಪುರದ ಹುಡುಗರು ಇದನ್ನು ನೋಡಿ ನಕ್ಕರು. ಅವರ ಊರಿನ ನರಸಿಂಹನ ಕೈಯಲ್ಲಿ ಗುಲಗಂಜಿಯಿದೆ. ಆ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂದು ಪ್ರತೀತಿ. “ನಮ್ಮೂರು ಕಾಶಿ ಒಂದು ಹೆಚ್ಚು” ಎಂದು ಅವರ ಲೆಕ್ಕ! ನಗೆಯಾದರೂ ಮಾತು ಸಣ್ಣದಲ್ಲ. ಗುಲಗಂಜಿ ಅಲ್ಲಿ ಅಳತೆಯಲ್ಲ, ಗೌರವ. ಆಚೆಯ ದಡದಲ್ಲಿ ಅಗಸ್ತ್ಯೇಶ್ವರನ ಲಿಂಗ ಮರಳಿನದೆಂದು ಸ್ಥಳಪುರಾಣ: ಲಿಂಗವನ್ನು ತರಹೋದ ಹನುಮಂತನು ತಡಮಾಡಲು, ಮುಹೂರ್ತ ಮೀರದಂತೆ ಅಗಸ್ತ್ಯರು ಮರಳಿನಿಂದಲೇ ಲಿಂಗವನ್ನು ಮಾಡಿ ಪ್ರತಿಷ್ಠಿಸಿದರಂತೆ. ಎರಡು ಹೊಳೆಗಳು ಕೂಡುವೆಡೆ ಮರಳಿನ ಲಿಂಗ! ಯಾವ ಕೋಷ್ಟಕದಲ್ಲಿ ಹುಡುಕಿದರೂ ಮರಳಿಗೆ ಸೊನ್ನೆಗಿಂತ ಹೆಚ್ಚಿನ ಅಂಕ ಸಿಗದು.

ಈ ಗ್ರಂಥಗಳಲ್ಲಿಯೂ ಮಹಾವಸ್ತುಗಳೆಂಬ ಒಂದು ವರ್ಗವಿದೆ; ಅವನ್ನು ಸಾಮಾನ್ಯ ಪೆಟ್ಟಿನಿಂದ ಕೆಡಿಸಲಾಗದು, ಒಂದೊಂದಕ್ಕೂ ಅದರದೇ ಆದ ಒಂದು ಉಪಾಯವನ್ನು ಕಂಡುಹಿಡಿಯಬೇಕು. ಅಂಕಗಳು ಇಲ್ಲಿ ಹಿಂದೆ ಸರಿಯುತ್ತವೆ. ಇದು ನಮಗೆ ಹೊಸದಲ್ಲ. ವ್ಯಾಸಭಾರತದ ಕರ್ಣಪರ್ವದಲ್ಲಿ ಗಾಂಡೀವದ ಹೆದೆ ಹರಿಯುತ್ತದೆ, ಗಾಂಡೀವ ಮುರಿಯುವುದಿಲ್ಲ. ಜನರ ಬಾಯಲ್ಲಿರುವ ಕಥೆಯಲ್ಲಿ ಕೌರವನ ಮೈಯೆಲ್ಲ ವಜ್ರ, ತೊಡೆಯೊಂದು ಬಿಟ್ಟು. ಹಿರಣ್ಯಕಶಿಪುವಿನ ವರವಂತೂ ಇಡಿಯಾಗಿ ಒಂದು ಕಟ್ಟಳೆಯ ಪಟ್ಟಿಯೇ: ಒಳಗಲ್ಲ ಹೊರಗಲ್ಲ, ಹಗಲಲ್ಲ ಇರುಳಲ್ಲ, ಮನುಷ್ಯನಿಂದಲ್ಲ ಮೃಗದಿಂದಲ್ಲ, ಆಯುಧದಿಂದಲ್ಲ. ಅವನ ತಾಳಿಕೆ ಎಷ್ಟೆಂದು ಯಾರೂ ಕೇಳಲಿಲ್ಲ. ಕಂಬ ಬಿರಿಯಿತು, ಹೊಸ್ತಿಲಿನ ಮೇಲೆ, ಸಂಜೆಯಲ್ಲಿ, ಉಗುರಿನಿಂದ ಒಡಲು ಸೀಳಿತು. ಆ ದೇವರ ಹೆಸರನ್ನು ಹೊತ್ತ ಊರಿನ ಹುಡುಗನಿಗೆ ‘ಗದೆಯಿಂದ ಹಗ್ಗ ಹರಿಯುವುದು ಹೇಗೆ’ ಎಂಬ ಪ್ರಶ್ನೆ ಹೊಳೆದದ್ದರಲ್ಲಿ ಆಶ್ಚರ್ಯವೇನು?

ಇಷ್ಟು ಬಗೆಗಳನ್ನು ಎಣಿಸುತ್ತ ಕುಳಿತರೆ ಆಟ ನಡೆಯುವುದು ಯಾವಾಗ ಎಂಬ ಆಕ್ಷೇಪ ಬಂದೇ ಬರುತ್ತದೆ. ನಂಜನಗೂಡಿನ ಹುಡುಗನೇ ಅದನ್ನೆತ್ತಿದನು. ಅದರಲ್ಲಿ ಹುರುಳಿದೆ. ವಸ್ತುಗಳ ಕಟ್ಟಳೆಗಳನ್ನು ಆಟಗಾರರು ಎಲ್ಲೆಡೆಯೂ ಮೊದಲು ಕೈಬಿಡುವುದು ಬೇಸರದಿಂದಲೇ. ಆದ್ದರಿಂದ ನಾವು ಹೊಸ ಕೋಷ್ಟಕವನ್ನು ಮಾಡಿಕೊಡಲಿಲ್ಲ. ಅಂಕಗಳನ್ನು ಇದ್ದಂತೆಯೇ ಇಟ್ಟು, ದಾಳವನ್ನೆತ್ತುವ ಮೊದಲು ಹೊಡೆಯುವವನು ಒಂದು ಪೂರ್ಣವಾಕ್ಯವನ್ನು ಹೇಳಬೇಕೆಂದಷ್ಟೇ ಸೂಚಿಸಿದೆವು: ಯಾವುದರಿಂದ, ಯಾವುದನ್ನು, ಏನು ಮಾಡುತ್ತಾನೆ. ಕ್ರಿಯಾಪದ ವಸ್ತುವಿಗೆ ಒಗ್ಗದಿದ್ದರೆ ದಾಳವನ್ನೇ ಉರುಳಿಸಬಾರದು. ಗದೆಯಿಂದ ಹಗ್ಗವನ್ನು ಹರಿಯುತ್ತೇನೆಂದು ರಕ್ಕಸನು ಹೇಳಲಾರನು. ಹಗ್ಗ ಕಟ್ಟಿದ ಗೂಟವನ್ನು ಗದೆಯಿಂದ ಮುರಿಯುತ್ತೇನೆಂದು ಹೇಳಬಲ್ಲನು. ಆ ಸಂಜೆಯ ಪ್ರಸಂಗವನ್ನು ಅವರು ಹೀಗೆಯೇ ಮತ್ತೆ ಆಡಿದರು. ಗೂಟಕ್ಕೆ ಮರದ ಅಂಕ, ಗಟ್ಟಿತನ ೫. ಮೊದಲನೆಯ ಪೆಟ್ಟಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ೨ ಇಳಿಯಿತು. ಅಷ್ಟರಲ್ಲಿ ವೀರನು ಆಚೆಯ ದಡದ ಕಲ್ಲನ್ನು ಹಿಡಿದಿದ್ದನು.

ಒಂದು ಪ್ರಶ್ನೆ ಮಾತ್ರ ನಮ್ಮಲ್ಲಿ ಉಳಿದಿದೆ. ಶ್ರೀಕಂಠೇಶ್ವರನ ಗುಡಿಯ ಮುಂದೆ ಹಾಕುವ ಈಡುಗಾಯಿಗೆ ಯಾವ ಅಂಕವನ್ನು ಕೊಡಬೇಕೆಂದು ಅವರಲ್ಲೊಬ್ಬನು ಕೇಳಿದನು. ಒಡೆಯುವುದಕ್ಕಾಗಿಯೇ ತಂದ ವಸ್ತು ಅದು. ಒಡೆಯದಿದ್ದರೇ ಮನಸ್ಸಿಗೆ ಕಸಿವಿಸಿ. ತಾಳಿಕೆ ಸೊನ್ನೆಯಾದಾಗ ಅದರ ಕೆಲಸ ಪೂರ್ಣವಾಗುತ್ತದೆ. ಅವನ ಹಾಳೆಯಲ್ಲಿ ಆ ಸಾಲಿನ ಮುಂದೆ ಇನ್ನೂ ಏನೂ ಬರೆದಿಲ್ಲ.